ಗಾಡಿ ಎಲ್ಲ ಮರೆತ ದಿನ

ಆ ಬೆಳಿಗ್ಗೆ ನಮ್ಮೂರು ಉತ್ತರಕ್ಕೆ ವಾಲಿತ್ತು. ಹಾಲಿನವನು ಗುಡಿಯ ಕಡೆಯಿಂದ ಬಂದನೆಂದರೆ ಉತ್ತರಕ್ಕೆ ಎಂದೇ ಲೆಕ್ಕ. ತುಂಬಿದ ಕ್ಯಾನು ಹೊತ್ತು ಅವನು ಯಾವತ್ತೂ ಏರು ಹತ್ತಿ ಬಂದವನಲ್ಲ. ನಮ್ಮೂರು ಹೀಗೇ, ಮಲಗಿದವರ ಹಾಗೆ ಮಗ್ಗುಲು ಬದಲಿಸುತ್ತದೆ. ಕೆಲವು ದಿನ ಒಂದು ಸಲ, ಕೆಲವು ದಿನ ಮೂರು ಸಲ, ಹಟ ಬಂದ ದಿನ ಲೆಕ್ಕವೇ ಇಲ್ಲ. ನಿನ್ನೆ ಏದುಸಿರು ಬಿಡಿಸಿದ ಬೀದಿ ಇವತ್ತು ಸರ್ರನೆ ಇಳಿಸಿಬಿಡುತ್ತದೆ. ಅದಕ್ಕೇ ನಮ್ಮ ಮನೆಗಳಿಗೆ ಎರಡೂ ಕಡೆ ಚರಂಡಿ, ಸಾರಿನ ಪಾತ್ರೆಗೆ ಎತ್ತರದ ಕಂಠ, ಮಂಚದ ಕಾಲಿಗೊಂದು ಕೊಕ್ಕೆ. ಯಾರಾದರೂ ವಿಳಾಸ ಕೇಳಿದರೆ, "ಸದ್ಯಕ್ಕೆ ಕೆಳಗಿರೋ ಬೀದಿ, ಬೇಗ ಹೋಗಿ" ಅನ್ನುತ್ತೇವೆ.

ಆದರೆ ಅವತ್ತು ಊರು ಯಾವ ಕಡೆ ವಾಲಿದರೂ ನನಗೆ ಅದರ ಮೇಲೆ ಗಮನವಿರಲಿಲ್ಲ. ಮಧ್ಯಾಹ್ನ ಬೆಟ್ಟದ ಕೆಳಗಿನ ಪೇಟೆಯಲ್ಲಿ ನಮ್ಮ ಥ್ರೋಬಾಲ್ ಪಂದ್ಯ. ನಮ್ಮೂರಿನ ಹೆಂಗಸರ ತಂಡ ಊರಾಚೆ ಆಡುವುದು ಅದೇ ಮೊದಲು. ಇಷ್ಟು ವರ್ಷ ನಾವು ಶಾಲೆಯ ಬಯಲಿನಲ್ಲಿ ಗಂಡಸರನ್ನೇ ಎದುರಿಗೆ ನಿಲ್ಲಿಸಿಕೊಂಡು ಆಡುತ್ತಿದ್ದೆವು. ಅವರು ಸೋತು ಸೋತು, ಕೊನೆಗೆ ಸೊಂಟನೋವು ಅಂತ ನೆಪ ಹೇಳಿ ಬರುವುದನ್ನೇ ಬಿಟ್ಟರು. ಪೇಟೆಯವರು ಪಂದ್ಯಾವಳಿಗೆ ಕರೆದಾಗ ನಾವು ಏಳೂ ಜನ ಕೂಗಿದ ಕೂಗಿಗೆ ಊರು ಹೊತ್ತಿಗೆ ಮುಂಚೆ ಮಗ್ಗುಲು ಬದಲಿಸಿತು ಎಂದು ನಮ್ಮತ್ತೆ ಈಗಲೂ ಹೇಳುತ್ತಾರೆ.

ನನ್ನ ಹೆಸರು ವಾರಿಜ. ಏಳು ಸೀಟಿನ ಟ್ಯಾಕ್ಸಿ ಓಡಿಸುತ್ತೇನೆ. ನನ್ನ ಮೈದುನನ ಹೆಂಡತಿಯ ಹೆಸರು ಪಂಕಜ. ಒಂದೇ ಮನೆಗೆ ಎರಡು ತಾವರೆ ಬಂದವು ಎಂದು ನೆಂಟರೆಲ್ಲ ನಗಾಡುತ್ತಿದ್ದರು. ನಾನು ಮಾತಿನವಳು, ಪಂಕಜ ಮೆತ್ತಗಿನವಳು. ಅಂಗಡಿಯವನು ಕಮ್ಮಿ ತೂಕ ಹಾಕಿದರೂ ಕೇಳದೆ ಸುಮ್ಮನೆ ಬರುವಷ್ಟು ಮೆತ್ತಗೆ. ಆದರೆ ಆಟದ ಬಯಲಿನಲ್ಲಿ ಹಿಂದಿನ ಸಾಲಿನಲ್ಲಿ ಅವಳು ನಿಂತಳೆಂದರೆ ಚೆಂಡು ನೆಲ ಕಾಣುವುದಿಲ್ಲ. ನಮ್ಮ ಕ್ಯಾಪ್ಟನ್ ಫಿಲೋಮಿನಾ ಮಿಸ್. ಊರಿನ ಅರ್ಧ ಜನಕ್ಕೆ ಡ್ರಿಲ್ ಕಲಿಸಿ ನಿವೃತ್ತರಾದವರು. ಅವರ ಶಿಳ್ಳೆಗೆ ಈಗಲೂ ಅಜ್ಜಂದಿರು ಸಾಲಾಗಿ ನಿಲ್ಲುತ್ತಾರೆ.

ಪೇಟೆಗೆ ಹೋಗಲು ನನ್ನ ಗಾಡಿ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಪೇಟೆಯ ಬಸ್ಸು ಬೆಟ್ಟದ ಬುಡದ ಗಡಿಕಲ್ಲಿನವರೆಗೆ ಬಂದು ನಿಂತುಬಿಡುತ್ತದೆ. ಗಡಿಕಲ್ಲಿನಿಂದ ಮೇಲಿನ ರಸ್ತೆಯೂ ಊರಿನ ಜೊತೆಗೇ ಮಗ್ಗುಲು ಬದಲಿಸುವುದರಿಂದ ಹೊರಗಿನ ಡ್ರೈವರುಗಳು ಇತ್ತ ತಲೆಹಾಕುವುದಿಲ್ಲ. ಅಷ್ಟು ದೂರ ನಡೆದು ಇಳಿದರೆ ಆಡಲು ಕಾಲೇ ಇರುವುದಿಲ್ಲ.

ನನ್ನ ಗಾಡಿ ಮಾತ್ರ ಆ ರಸ್ತೆಯನ್ನು ಕಲಿತುಬಿಟ್ಟಿತ್ತು. ತಂದ ಹೊಸದರಲ್ಲಿ ಅದಕ್ಕೂ ಏನೂ ಗೊತ್ತಿರಲಿಲ್ಲ. ಬರುಬರುತ್ತಾ, ಊರು ಹೊರಳುವುದಕ್ಕೆ ಒಂದು ಉಸಿರಿನಷ್ಟು ಮುಂಚೆ ಇಂಜಿನ್ನು ಗುಂಯ್ ಎಂದು ಸದ್ದು ಏರಿಸಿ ಮೈ ಬಿಗಿಮಾಡಿಕೊಳ್ಳುತ್ತಿತ್ತು. ನಾನು ಗೇರು ಬದಲಿಸುವಷ್ಟರಲ್ಲಿ ಏರು ಇಳಿಜಾರಾಗಿ, ಇಳಿಜಾರು ಏರಾಗಿ, ಗಾಡಿ ಏನೂ ಆಗದ ಹಾಗೆ ಮುಂದೆ ಹೋಗುತ್ತಿತ್ತು. ಅಂಗಳದಲ್ಲಿ ಗಾಡಿ ಶುರುಮಾಡಿ ನಿಲ್ಲಿಸಿದ್ದಾಗ ಆ ಗುಂಯ್ ಕೇಳಿಸಿದರೆ ಅತ್ತೆ ಒಲೆಯ ಮೇಲಿನ ಹಾಲಿಳಿಸುತ್ತಿದ್ದರು, ಪಕ್ಕದ ಮನೆಯವರು ಬಕೆಟ್ಟು ಹಿಡಿದುಕೊಳ್ಳುತ್ತಿದ್ದರು.

ಇಂಥ ಗಾಡಿ ಹೋದ ವಾರ ನಡು ರಸ್ತೆಯಲ್ಲಿ ಕೈಕೊಟ್ಟಿತು. ಫಿಲೋಮಿನಾ ಮಿಸ್ಸನ್ನು ಕೂರಿಸಿಕೊಂಡು ಬರುತ್ತಿದ್ದೆ. ಊರಿಗೆ ಸ್ವಲ್ಪ ಕೆಳಗೆ, ಹಾಲುಗಲ್ಲು ಎಂಬ ಬಂಡೆಯ ತಿರುವಿನಲ್ಲಿ ಗುಂಯ್ ಎಂದಿತು, ಮರುಕ್ಷಣ ಇಂಜಿನ್ನು ಆಫ್. ಬ್ರೇಕಿನ ಪೆಡಲು ಕಲ್ಲಿನ ಹಾಗೆ ಬಿಗಿಯಾಯಿತು, ಎಷ್ಟು ತುಳಿದರೂ ಹಿಡಿಯಲಿಲ್ಲ, ಸ್ಟಿಯರಿಂಗು ಅಲ್ಲಾಡಲಿಲ್ಲ. ಗಾಡಿ ಹಿಂದಕ್ಕೆ ಜಾರಿ ಜಾರಿ, ರಸ್ತೆಬದಿಯ ಜಲ್ಲಿ ರಾಶಿಗೆ ಹಿಂದಿನ ಚಕ್ರ ಹೂತುಕೊಂಡು ನಿಂತಿತು. ಅದರಾಚೆಗೆ ಬರೀ ಗಾಳಿ. ಮಿಸ್ ಕೊರಳಿನ ಶಿಳ್ಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆಮೇಲೆ ಎರಡು ಸಲ ಊರೊಳಗೂ ಹಾಗೇ ಆಫ್ ಆಯಿತು. ನಾನು ಕಂಪನಿಯವರಿಗೆ ಫೋನು ಮಾಡಿದೆ.

ಅವರು ಕಳಿಸಿದ್ದು ನುಸ್ರತ್ ಎಂಬ ಹುಡುಗಿಯನ್ನು. ಗಾಡಿಗಳ ಕಂಪ್ಯೂಟರು ನೋಡುವುದೇ ಅವಳ ಕೆಲಸ. ಪಂದ್ಯದ ದಿನ ಬೆಳಿಗ್ಗೆ ಸ್ಕೂಟರನ್ನು ಅರ್ಧ ಓಡಿಸಿ ಅರ್ಧ ತಳ್ಳಿಕೊಂಡು, ಮುಖವೆಲ್ಲ ಕೆಂಪಾಗಿ ನಮ್ಮ ಅಂಗಳಕ್ಕೆ ಬಂದಳು.

"ಏರು ಹತ್ತುತ್ತಾ ಇದ್ದೆ ಅಕ್ಕ, ಇದ್ದಕ್ಕಿದ್ದಂಗೆ ಇಳೀತಾ ಇದ್ದೀನಿ! ಯಾವಾಗ ಹಿಂದಕ್ಕೆ ತಿರುಗಿಬಿಟ್ನೋ ಅಂತ ಗಾಬರಿ ಆಯ್ತು."

"ನೀನು ತಿರುಗಿಲ್ಲ ಕಣಮ್ಮ, ಊರು ತಿರುಗಿದ್ದು. ಮೊದಲು ಕಾಫಿ ಕುಡಿ," ಅಂದೆ.

ಕಾಫಿ ಮುಗಿಸಿ ಅವಳು ಸ್ಟಿಯರಿಂಗಿನ ಕೆಳಗೆ ವೈರು ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆದಳು. ಅಷ್ಟರಲ್ಲಿ ತಂಡದವರೆಲ್ಲ ಹೊಸ ಹಳದಿ ಟೀಶರ್ಟು ಹಾಕಿಕೊಂಡು ಬಂದು ಗಾಡಿಯನ್ನು ಸುತ್ತುವರಿದಿದ್ದರು. ನುಸ್ರತ್ ತುಂಬ ಹೊತ್ತು ಪರದೆ ನೋಡಿದಳು.

"ತೊಂದರೆ ಗೊತ್ತಾಯ್ತು. ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರಿನದ್ದೇ ತಪ್ಪು, ಬೇರೆ ಕಡೆಯೂ ಬಂದಿದೆ. ಹೊಸದು ಕಳಿಸಿದ್ದಾರೆ. ಹಾಕಿದ್ರೆ ಇಂಜಿನ್ ಹಂಗೆ ನಿಂತುಹೋಗಲ್ಲ."

"ಹಾಕು ಮತ್ತೆ!" ಅಂದರು ಎಲ್ಲರೂ.

"ಆದರೆ..." ಅವಳು ನನ್ನ ಕಡೆ ನೋಡಿದಳು. "ಇದು ಇಷ್ಟು ವರ್ಷದಲ್ಲಿ ತಾನೇ ಕಲಿತುಕೊಂಡಿರೋದು ಇದೆಯಲ್ಲ ಅಕ್ಕ, ಅದೆಲ್ಲ ಅಳಿಸಿಹೋಗುತ್ತೆ. ಶೋರೂಮಿಂದ ಬಂದ ದಿನ ಹೆಂಗಿತ್ತೋ ಹಂಗಾಗುತ್ತೆ. ಇಂಥ ಅಂಕಿಗಳನ್ನ ನಾನು ಯಾವ ಗಾಡೀಲೂ ನೋಡಿಲ್ಲ. ಅಳಿಸೋಕೆ ನನಗೇ ಕೈ ಬರ್ತಿಲ್ಲ."

"ಬೇರೆ ಕಡೆ ತೆಗೆದಿಟ್ಟು ಆಮೇಲೆ ವಾಪಸ್ ಹಾಕೋಕೆ ಬರಲ್ವಾ?" ಎಂದು ಕೇಳಿದೆ.

"ಬರಲ್ಲ. ಮತ್ತೆ ಓಡಿಸಿ ಓಡಿಸಿಯೇ ಕಲೀಬೇಕು."

ಆ ಗುಂಯ್ ಇಲ್ಲದೆ ಆ ರಸ್ತೆ ಇಳಿಯುವುದನ್ನು ನೆನೆಸಿಕೊಂಡೇ ಅಂಗೈ ಬೆವರಿತು. ಎಷ್ಟೋ ವರ್ಷದಿಂದ ನಾನು ರಸ್ತೆ ನೋಡುತ್ತಲೇ ಇರಲಿಲ್ಲ, ಗಾಡಿಗೆ ಕಿವಿ ಕೊಟ್ಟು ಕೈ ಆಡಿಸುತ್ತಿದ್ದೆ ಎನ್ನುವುದು ಆಗ ಹೊಳೆಯಿತು.

"ಬೇಡ ಅಕ್ಕ," ಅಂದಳು ಪಂಕಜ, ಮೆಲ್ಲಗೆ. "ಅಷ್ಟೊಂದು ತಿಳಿದುಕೊಂಡಿರೋದನ್ನ ಅಳಿಸೋದಾ? ಇವತ್ತೊಂದು ದಿನ ಹಂಗೇ ಹೋಗಿಬರೋಣ. ನಾಳೆ ಹಾಕಿಸಿದರಾಯ್ತು."

"ಹಾಲುಗಲ್ಲಿನ ಹತ್ತಿರ ಕೂತಿದ್ದೋಳು ನಾನು," ಅಂದರು ಫಿಲೋಮಿನಾ ಮಿಸ್. "ಅದು ಎಲ್ಲ ತಿಳಿದುಕೊಂಡೇ ನಿಂತುಹೋಯ್ತು. ನಿಂತುಹೋಗೋ ಗಾಡಿಗೆ ಎಷ್ಟು ತಿಳಿದಿದ್ದರೇನು?"

"ಏನೂ ತಿಳೀದಿರೋ ಗಾಡೀಲಿ ಇಳಿಯೋದೂ ಅಷ್ಟೇ ಅಲ್ವಾ ಮಿಸ್?" ಅಂದಳು ಪಂಕಜ.

"ಹಾಗಾದ್ರೆ ಇಲ್ಲೇ ಕೂತು ಕಡಲೆಕಾಯಿ ಬಿಡಿಸೋಣ!" ಎಂದು ಇನ್ನೊಬ್ಬಳು ಸಿಡುಕಿದಳು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಬ್ಬಳು ಹಾಕಿಸೋಣ ಅಂದರೆ ಇನ್ನೊಬ್ಬಳು ಬೇಡ ಅಂದಳು. ಅತ್ತೆ ಒಳಗಿನಿಂದಲೇ ಕೂಗಿ ಎರಡೂ ಕಡೆಯವರನ್ನು ಬೈದರು. ಮಿಸ್ ಒಂದು ಶಿಳ್ಳೆ ಹಾಕಿದರು.

"ಗಾಡಿ ವಾರಿಜಂದು, ಸ್ಟಿಯರಿಂಗು ವಾರಿಜನ ಕೈಲಿ. ಅವಳು ಹೇಳಿದ್ದೇ ಸರಿ. ಹೋಗೋಣ ಅಂದ್ರೆ ಹೋಗೋಣ, ಬೇಡ ಅಂದ್ರೆ ಯಾರೂ ಮುಖ ಊದಿಸಿಕೊಳ್ಳಂಗಿಲ್ಲ."

ನಾನು ನುಸ್ರತ್‌ಳನ್ನು ಕೇಳಿದೆ. "ನೀನಾಗಿದ್ರೆ ಏನು ಮಾಡ್ತಿದ್ದೆ?"

ಅವಳು ಪರದೆಯಿಂದ ಕಣ್ಣೆತ್ತಿದಳು. "ನಾನು ನಿಮ್ಮೂರಿನವಳಲ್ಲ ಅಕ್ಕ. ಈ ರಸ್ತೆ ನನಗೆ ಗೊತ್ತಿಲ್ಲ. ಇಂಜಿನ್ ಯಾವಾಗ ನಿಲ್ಲುತ್ತೋ ಗೊತ್ತಿಲ್ಲದ ಗಾಡೀಲಿ ನಮ್ಮಮ್ಮನ್ನ ಕೂರಿಸಲ್ಲ. ಅಷ್ಟು ಮಾತ್ರ ಹೇಳಬಲ್ಲೆ."

ನಾನು ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಜಲ್ಲಿ ರಾಶಿಯ ಆಚೆಗಿನ ಗಾಳಿ ಕಣ್ಣಿಗೆ ಬಂತು. ಗಾಡಿಗೆ ಗೊತ್ತಿದ್ದದ್ದು ಹೋದರೆ ನಾನು ಇನ್ನೊಮ್ಮೆ ಕಲಿಸಬಹುದು. ಬ್ರೇಕು ಹಿಡಿಯದಿದ್ದರೆ ಇನ್ನೊಮ್ಮೆ ಎನ್ನುವುದೇ ಇರುವುದಿಲ್ಲ.

"ಹಾಕು," ಅಂದೆ. ಹೇಳಿದ ಮೇಲೆ ಭಯ ಹೋಗಲಿಲ್ಲ, ಆದರೆ ಮೈಯಲ್ಲಿ ಏನೋ ಜುಮ್ಮೆಂದಿತು.

ನುಸ್ರತ್ ಬ್ಯಾಟರಿಗೆ ಚಾರ್ಜರಿನ ಕ್ಲಿಪ್ಪು ಕಚ್ಚಿಸಿ, ಚಾರ್ಜರನ್ನು ಸ್ಟೂಲಿನ ಮೇಲಿಟ್ಟಳು. "ಮುಗಿಯೋತನಕ ಕರೆಂಟು ತಪ್ಪಬಾರದು. ಅರ್ಧಕ್ಕೆ ನಿಂತರೆ ಕಂಪ್ಯೂಟರು ಕೆಟ್ಟೇಹೋಗುತ್ತೆ. ಯಾರೂ ಬಾಗಿಲು ತೆಗೀಬೇಡಿ, ಏನೂ ಮುಟ್ಟಬೇಡಿ." ಪರದೆಯ ಮೇಲೆ ನೀಲಿ ಗೆರೆ ತೆವಳತೊಡಗಿತು. ನಾವು ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ನಿಂತೆವು.

ಗೆರೆ ಅರ್ಧ ದಾಟಿರಬೇಕು. ಜಗುಲಿಯಲ್ಲಿ ಕೂತಿದ್ದ ಪಂಕಜ ದಿಗ್ಗನೆ ಎದ್ದಳು. "ಬಂತು!" ಎಂದವಳೇ ಓಡಿಬಂದು ಸ್ಟೂಲಿನ ಮೇಲಿದ್ದ ಚಾರ್ಜರನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. ಆಮೇಲೆ ಊರು ಹೊರಳಿತು. ಸ್ಟೂಲು ಅವಳ ಕೈಯಡಿಯಿಂದ ಜಾರಿ ಅಂಗಳ ದಾಟಿ ಚರಂಡಿಗೆ ಬಿತ್ತು. ನಮ್ಮೂರಿನ ಪದ್ಧತಿಯಂತೆ ನಾಲ್ಕೂ ಚಕ್ರದ ಎರಡೂ ಕಡೆ ಕಲ್ಲು ಕೊಟ್ಟಿದ್ದರಿಂದ ಗಾಡಿ ಅಲ್ಲಾಡಲಿಲ್ಲ. ಲ್ಯಾಪ್‌ಟಾಪು ಸೀಟಿನಿಂದ ಜಾರುವಾಗ ನುಸ್ರತ್ ಅದನ್ನು ಎದೆಗೆ ಹಿಡಿದು ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟು ನೋಡಿದರೆ ಗೆರೆ ಇನ್ನೂ ತೆವಳುತ್ತಿತ್ತು.

"ನಿಮಗೆ ಹೆಂಗೆ ಮೊದಲೇ ಗೊತ್ತಾಯ್ತು ಅಕ್ಕ?" ಎಂದು ಕೇಳಿದಳು.

ಪಂಕಜ ಚಾರ್ಜರು ಬಿಡದೆಯೇ ಹೇಳಿದಳು, "ಅಂಗಾಲು ಜುಂ ಅನ್ನುತ್ತೆ. ಎಲ್ಲರಿಗೂ ಅನ್ನಲ್ವಾ?"

ನಾವು ಮುಖ ಮುಖ ನೋಡಿಕೊಂಡೆವು. ನಮಗ್ಯಾರಿಗೂ ಅನ್ನುತ್ತಿರಲಿಲ್ಲ. ಅವಳ ಜೊತೆ ಅಷ್ಟು ವರ್ಷ ಆಡಿದ್ದರೂ, ಒಂದೇ ಅಡುಗೆಮನೆಯಲ್ಲಿ ಉಂಡಿದ್ದರೂ, ನಾನು ಒಂದು ದಿನವೂ ಕೇಳಿರಲಿಲ್ಲ.

"ಚಪ್ಪಲಿ ಬಿಚ್ಚು," ಅಂದರು ಮಿಸ್. "ನೀನು ಮುಂದಿನ ಸೀಟಿನಲ್ಲಿ ಕೂರ್ತೀಯ."

ಗೆರೆ ಮುಗಿಯಿತು. ನಾನು ಕೀಲಿ ತಿರುಗಿಸಿದೆ. ಇಂಜಿನ್ನು ಶುರುವಾಯಿತು, ಆದರೆ ಸದ್ದು ಬೇರೆ. ಗೊತ್ತಿಲ್ಲದವರ ಮನೆಗೆ ಬಂದ ಹೊಸ ಸೊಸೆಯ ಹಾಗೆ ತಗ್ಗಿದ ಸದ್ದು. ಏಳು ಸೀಟಿಗೆ ಏಳು ಜನ ಕೂತೆವು. ಎಂಟನೆಯವಳಾಗಿ ನುಸ್ರತ್ ಲ್ಯಾಪ್‌ಟಾಪು ಹಿಡಿದು ಹಿಂದಿನ ಸೀಟಿಗೆ ತೂರಿಕೊಂಡಳು. "ಇದು ಹೆಂಗೆ ಕಲಿಯುತ್ತೆ ಅಂತ ನಾನು ನೋಡಲೇಬೇಕು ಅಕ್ಕ. ಸ್ಕೂಟರು ಇಲ್ಲೇ ಇರಲಿ." ಅತ್ತೆ ನಿಂಬೆಹಣ್ಣು ಚಕ್ರಕ್ಕಿಟ್ಟರು. ಅದು ಉರುಳಿ ಹೋಯಿತು. ಇನ್ನೊಂದು ಇಟ್ಟು ಕೈಯಲ್ಲೇ ಒತ್ತಿ ಹಿಡಿದುಕೊಂಡು, "ಈಗ ಹತ್ತಿಸೇ!" ಎಂದು ಕೂಗಿ ಕೊನೇ ಗಳಿಗೆಯಲ್ಲಿ ಕೈ ತೆಗೆದರು.

ಊರು ದಾಟುವವರೆಗೆ ಏನೂ ಆಗಲಿಲ್ಲ. ರಸ್ತೆ ಕೆಳಕ್ಕಿತ್ತು. ನಾನು ಎರಡನೇ ಗೇರಿನಲ್ಲಿ, ಎರಡೂ ಕೈಯಿಂದ ಸ್ಟಿಯರಿಂಗು ಹಿಡಿದು, ಹೊಸದಾಗಿ ಕಲಿಯುವವಳ ಹಾಗೆ ಮೂಗು ಗಾಜಿಗೆ ತಾಗಿಸಿಕೊಂಡು ಓಡಿಸುತ್ತಿದ್ದೆ. ಪಂಕಜ ಬರಿಗಾಲನ್ನು ಗಾಡಿಯ ನೆಲಕ್ಕೆ ಒತ್ತಿ ಕೂತಿದ್ದಳು. ಹಾಲುಗಲ್ಲಿನ ತಿರುವು ಬಂತು. ಜಲ್ಲಿ ರಾಶಿ ಕಂಡಿತು.

"ಬರ್ತಿದೆ," ಅಂದಳು ಪಂಕಜ, ಅಂಗಡಿಯವನ ಎದುರು ಮಾತಾಡುವ ದನಿಯಲ್ಲಿ.

"ಕೇಳಿಸಲಿಲ್ಲ!" ಅಂದೆ.

"ಬರ್ತಿದೆ ಅಕ್ಕ! ಎಡಕ್ಕೆ! ಏರು ಎಡಕ್ಕೆ ಬರ್ತಿದೆ, ಗೇರು ಹಾಕೂ!" ಅವಳ ಗಂಟಲಿನಿಂದ ಅಂಥ ಕೂಗು ಬರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ನಾನು ಎಡಕ್ಕೆ ತಿರುಗಿಸುತ್ತಲೇ ಮೊದಲನೇ ಗೇರಿಗೆ ತಂದೆ. ರಸ್ತೆ ಎದ್ದು ನಿಂತಿತು. ಮುಂದಿನ ಗಾಜಿನ ತುಂಬ ಆಕಾಶ. ಇಂಜಿನ್ನು ಒಂದು ಸಲ ನಡುಗಿತು. ನಿಂತಿತೇ? ನಿಲ್ಲಲಿಲ್ಲ! ಗುರುಗುಟ್ಟಿತು, ಉಸಿರು ಹಿಡಿಯಿತು, ಎಂಟು ಜನರನ್ನು ಹೊತ್ತುಕೊಂಡು ಏರತೊಡಗಿತು. ಬ್ರೇಕು ನನ್ನ ಕಾಲಿನ ಕೆಳಗೆ ಮೆತ್ತಗೆ, ಹೇಳಿದ ಹಾಗೆ ಕೇಳಿಕೊಂಡು ಇತ್ತು. ಜಲ್ಲಿ ರಾಶಿ ಪಕ್ಕದಲ್ಲಿ ಸರಿದು ಹೋಯಿತು.

ಹಿಂದಿನಿಂದ ಎದ್ದ ಕೇಕೆಗೆ ಗಾಜುಗಳು ಅದುರಿದವು. ಆಮೇಲೆ ಯಾರೂ ಸುಮ್ಮನಿರಲಿಲ್ಲ. ಆಟದಲ್ಲಿ ಚೆಂಡು ಬರುವಾಗ ಕೂಗುವ ಹಾಗೆ ಕೂಗತೊಡಗಿದರು. ಪಂಕಜ "ಬಲಕ್ಕೆ!" ಎಂದರೆ ಬಲಗಡೆ ಕೂತವರು "ನಂದು!" ಎಂದು ಆ ಕಡೆಯ ರಸ್ತೆಯಂಚು ನೋಡಿ ಹೇಳುವರು. "ಕಲ್ಲಿದೆ!" "ಜಾಗ ಇದೆ, ಬಾ!" "ಬಿಡು ಬಿಡು, ಬ್ರೇಕು ಬಿಡು!" ಮಿಸ್ ಪ್ರತಿ ತಿರುವಿಗೂ ಶಿಳ್ಳೆ ಹಾಕುತ್ತಿದ್ದರು. ರಸ್ತೆ ಅವತ್ತು ಹಟ ಹಿಡಿದವರ ಹಾಗೆ ಹೊರಳಿತು. ನಾನು ಆ ರಸ್ತೆಯನ್ನು ಎಷ್ಟೋ ಸಾವಿರ ಸಲ ಇಳಿದಿದ್ದೇನೆ, ನೋಡಿದ್ದು ಅವತ್ತೇ. ಬಂಡೆಗಳ ಸಂದಿನಲ್ಲಿ ಹಳದಿ ಹೂ ಬಿಟ್ಟಿದ್ದವು. ಕಣಿವೆಯಲ್ಲಿ ಒಂದು ಕೆರೆ ಇತ್ತು! ಅದರ ನೀರೂ ಮಗ್ಗುಲಿಂದ ಮಗ್ಗುಲಿಗೆ ಹೊಯ್ದಾಡಿ ಹೊಳೆಯುತ್ತಿತ್ತು.

"ಅಕ್ಕಾ, ಬರೀತಾ ಇದೆ!" ಎಂದು ನುಸ್ರತ್ ಹಿಂದಿನಿಂದ ಕಿರುಚಿದಳು. "ಮೊದಲನೇ ಅಂಕಿ ಬಂತು! ಸಣ್ಣದು, ಆದರೆ ಬಂತು!"

ಗಡಿಕಲ್ಲು ದಾಟಿ ಪೇಟೆಯ ರಸ್ತೆ ಸೇರಿದಾಗ ಎಲ್ಲರ ಗಂಟಲೂ ಕಟ್ಟಿತ್ತು, ಪಂದ್ಯ ಇನ್ನೂ ಶುರುವಾಗಿರಲಿಲ್ಲ.

ಪೇಟೆಯ ಮೈದಾನ ರೊಟ್ಟಿ ತಟ್ಟಿದ ಹಾಗೆ ಸಪಾಟಾಗಿತ್ತು. ಅದೇ ನಮಗೆ ದೊಡ್ಡ ಕಷ್ಟವಾಯಿತು. ಚೆಂಡು ಬಂದರೆ ನಾವು ವಾಲಿಕೆ ಇರಬೇಕಾದ ಕಡೆಗೆ ಎರಡು ಹೆಜ್ಜೆ ಓಡುತ್ತಿದ್ದೆವು, ಚೆಂಡು ನಾವು ಬಿಟ್ಟು ಬಂದ ಜಾಗದಲ್ಲೇ ಬೀಳುತ್ತಿತ್ತು. ಒಬ್ಬಳಿಗೆ ತಲೆಸುತ್ತು ಬಂದು ಕೂತೇಬಿಟ್ಟಳು. ನೋಡುವವರು ನಗುತ್ತಿದ್ದರು. ಮೊದಲ ಸೆಟ್ಟು ಹೋಗಿದ್ದೇ ಗೊತ್ತಾಗಲಿಲ್ಲ. ಮಿಸ್ ನಮ್ಮನ್ನು ಹತ್ತಿರ ಕರೆದು, "ಈ ನೆಲ ಏನೂ ಮಾಡಲ್ಲ. ಇದಕ್ಕೆ ಏನೂ ಮಾಡೋಕೆ ಬರಲ್ಲ. ಅದನ್ನ ಬಿಡಿ, ಚೆಂಡು ನೋಡಿ," ಅಂದರು. ಪಂಕಜ ಮಾತ್ರ, "ಕೂಗಿ ಮಿಸ್, ಬರೋವಾಗ ಮಾಡಿದ ಹಂಗೆ ಕೂಗಿ ಆಡೋಣ," ಅಂದಳು.

ಕೂಗಿದೆವು. ಉಳಿದಿದ್ದ ಚೂರು ಗಂಟಲನ್ನೂ ಖರ್ಚು ಮಾಡಿ ಕೂಗಿದೆವು. ಎರಡನೇ ಸೆಟ್ಟು ಗೆದ್ದೆವು, ಮೂರನೆಯದನ್ನು ಕಷ್ಟಪಟ್ಟು ಗೆದ್ದೆವು. ಮುಂದಿನ ಪಂದ್ಯದಲ್ಲಿ ಎತ್ತರದ ಕಾಲೇಜು ಹುಡುಗಿಯರು ನಮ್ಮನ್ನು ಚೆನ್ನಾಗಿ ಸೋಲಿಸಿದರು. ಸೋತೆವೆಂದು ಯಾರಿಗೂ ಅನಿಸಲೇ ಇಲ್ಲ. ಮೊದಲು ನಾವು ಸೋಲಿಸಿದ್ದ ತಂಡದ ಹೆಂಗಸರು ಕಬ್ಬಿನಹಾಲು ತಂದುಕೊಟ್ಟು, "ಎಲ್ಲಿ ಪ್ರಾಕ್ಟೀಸ್ ಮಾಡ್ತೀರ್ರೀ ನೀವು?" ಎಂದು ಕೇಳಿದರು. ಹೇಗೆ ಹೇಳುವುದೆಂದು ತಿಳಿಯದೆ ನಾವು ನಕ್ಕೆವು.

ಸಂಜೆಯ ಬಿಸಿಲು ಇನ್ನೂ ಇತ್ತು, ಮೈದಾನ ಖಾಲಿಯಾಗುತ್ತಿತ್ತು. ಎಲ್ಲರೂ ಗಾಡಿ ಹತ್ತುವಾಗ ಪಂಕಜ ಮಾತ್ರ ನಿಂತೇ ಇದ್ದಳು. ಕಾಲಿನ ಬೆರಳಿನಿಂದ ನೆಲ ಕೆದಕಿದಳು.

"ಅಕ್ಕ, ಈ ನೆಲ ಅಲ್ಲಾಡಲ್ಲ ತಾನೆ?"

"ಇಲ್ಲ ಕಣೆ."

"ಹಂಗಾದ್ರೆ ನನಗೆ ಇಲ್ಲೇ ಗಾಡಿ ಕಲಿಸು. ಈಗಲೇ."

ಮನೆಗೆ ಬಂದ ದಿನದಿಂದ ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ. ನಾನು ಎಲ್ಲರನ್ನೂ ಕೆಳಗಿಳಿಸಿ, ಕೀಲಿಯನ್ನು ಅವಳ ಅಂಗೈಗೆ ಹಾಕಿ ಪಕ್ಕದ ಸೀಟಿನಲ್ಲಿ ಕೂತೆ. ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ತೋರಿಸಿದೆ. ಅವಳು ತುಟಿ ಕಚ್ಚಿಕೊಂಡು ಕಾಲೆತ್ತಿದಳು. ಗಾಡಿ ಕಪ್ಪೆಯ ಹಾಗೆ ಒಂದು ನೆಗೆತ ನೆಗೆದು, ಕೆಮ್ಮಿ, ಆಫ್ ಆಯಿತು.

"ಅಯ್ಯೋ, ಮತ್ತೆ ನಿಂತುಹೋಯ್ತಲ್ಲೇ!" ಎಂದು ಮಿಸ್ ಹೊರಗಿನಿಂದ ಕೂಗಿದರು.

"ನನ್ನ ಸಾಫ್ಟ್‌ವೇರನ್ನ ಏನೂ ಅನ್ನಬೇಡಿ ಮಿಸ್!" ನುಸ್ರತ್ ಅವರಿಗಿಂತ ಜೋರಾಗಿ ಕೂಗಿದಳು. "ಅದು ಕ್ಲಚ್ಚು! ಬರೀ ಕ್ಲಚ್ಚು!"

ಪಂಕಜ ನಗಲಿಲ್ಲ. ಮತ್ತೆ ಕೀಲಿ ತಿರುಗಿಸಿದಳು, ಮತ್ತೆ ನೆಗೆಯಿತು, ಮತ್ತೆ ನಿಂತಿತು. ಮೂರನೇ ಸಲ ಕಾಲನ್ನು ಬಲು ನಿಧಾನವಾಗಿ, ಮಲಗಿದ ಮಗುವಿನ ತಲೆಯಡಿಯಿಂದ ಕೈ ತೆಗೆಯುವ ಹಾಗೆ ಎತ್ತಿದಳು. ಗಾಡಿ ಹೊರಟಿತು. ಸಪಾಟು ನೆಲದ ಮೇಲೆ ದೊಡ್ಡದೊಂದು ಸುತ್ತು ಹಾಕತೊಡಗಿತು. ಹಳದಿ ಟೀಶರ್ಟಿನವರು, ಶಿಳ್ಳೆ ಹಿಡಿದ ಮಿಸ್, ಲ್ಯಾಪ್‌ಟಾಪು ಬಗಲಲ್ಲಿಟ್ಟುಕೊಂಡ ನುಸ್ರತ್, ಕಬ್ಬಿನಹಾಲಿನ ಲೋಟ ಹಿಡಿದಿದ್ದ ಆ ತಂಡದ ಹೆಂಗಸರು ಕೂಡ, ಎಲ್ಲರೂ ಗಾಡಿಯ ಹಿಂದೆ ಓಡಿಬರುತ್ತಿರುವುದು ಕನ್ನಡಿಯಲ್ಲಿ ಕಾಣುತ್ತಿತ್ತು.

"ಅಕ್ಕ, ಹೆಂಗೆ ನಿಲ್ಲಿಸೋದು?" ಎಂದು ಪಂಕಜ ಕೇಳಿದಳು.

"ಯಾಕೆ ನಿಲ್ಲಿಸ್ತೀಯೆ?" ಅಂದೆ. "ಇನ್ನೊಂದು ಸುತ್ತು ಹೊಡಿ!"